ಬೀಗವೂ ಗುಣಾಕಾರವೂ

ಊರಿನ ಮನೆಗಳಲ್ಲಿ ಹಗಲು ಹೊತ್ತಿನಲ್ಲಿ ತಲೆಬಾಗಿಲಿಗೆ ಬೀಗ ಹಾಕುವ ವಾಡಿಕೆ ಕಡಮೆ. ಅಗುಳಿಯೊಂದಿದ್ದರೆ ಸಾಕೆಂದು ತಿಳಿಯುವವರೇ ಹೆಚ್ಚು. ಈ ಮುಂಬಯಿಯಲ್ಲಾದರೋ ಹತ್ತಡಿ ಉದ್ದ, ಹತ್ತಡಿ ಅಗಲದ ಖೋಲಿಗೂ ಬೀಗ ಬೇಕು, ಮಹಡಿಯ ಮೇಲಿನ ನೀರಿನ ಟಾಂಕಿಯ ಮುಚ್ಚಳಕ್ಕೂ ಬೀಗ ಬೇಕು. ನಮ್ಮ ತರಗತಿಯಲ್ಲಿಯೇ ಆ ಒಂದು ವಸ್ತುವಿಗೆ ಮೂರು ಹೆಸರುಗಳಿವೆ. ವಿಜಯಪುರ, ಕಲಬುರಗಿಗಳ ಕಡೆಯ ಮನೆಗಳಿಂದ ಬಂದ ಮಕ್ಕಳು ಅದನ್ನು ಕೀಲಿ ಎನ್ನುವರು. ಉಡುಪಿ, ಕುಂದಾಪುರಗಳ ಕಡೆಯವರು ಬೀಗ ಎನ್ನುವರು. ಬೀದಿಗೆ ಇಳಿದೊಡನೆ ಎಲ್ಲರ ಬಾಯಲ್ಲಿಯೂ ಅದು ತಾಲಾ ಆಗುತ್ತದೆ, ಅದರ ಕೈ ಚಾವಿಯಾಗುತ್ತದೆ. ಹೆಸರು ಯಾವುದಾದರೂ ಇರಲಿ.

ಬೀಗವು ಈಗ ಬಾಗಿಲಿನಲ್ಲಿ ಮಾತ್ರ ಇಲ್ಲ. ತಂದೆಯವರ ಜೇಬಿನ ಫೋನಿಗೆ ಒಂದು ಬೀಗ, ಅದರೊಳಗಿನ ಬ್ಯಾಂಕಿನ ಖಾತೆಗೆ ಇನ್ನೊಂದು, ಕಚೇರಿಯ ಕಂಪ್ಯೂಟರಿಗೆ ಮತ್ತೊಂದು, ಗಾಳಿಯಲ್ಲಿ ಹರಡಿಕೊಂಡಿರುವ ವೈ-ಫೈ ಜಾಲಕ್ಕೆ ಮಗುದೊಂದು. ಇವುಗಳಲ್ಲಿ ಕಬ್ಬಿಣವಿಲ್ಲ, ಹಿತ್ತಾಳೆಯಿಲ್ಲ. ಆದರೂ ಇವೆಲ್ಲವೂ ಬೀಗಗಳೇ. ವಿಚಾರ ಮಾಡಿ ನೋಡಿದರೆ ಕಬ್ಬಿಣದ ಬೀಗವೂ ಕಂಪ್ಯೂಟರಿನ ಬೀಗವೂ ಒಂದೇ ಲೆಕ್ಕದ ಬಲದ ಮೇಲೆ ನಿಂತಿವೆ. ಸೋಲುವಾಗಲೂ ಅನೇಕ ವೇಳೆ ಒಂದೇ ಬಗೆಯಾಗಿ ಸೋಲುತ್ತವೆ. ಆ ಲೆಕ್ಕವು ಏಳನೆಯ ಇಯತ್ತೆಯ ವಿದ್ಯಾರ್ಥಿಗೂ ಬರುವಂತಹುದು. ಅದನ್ನೇ ಇಲ್ಲಿ ವಿವರಿಸಲು ಯತ್ನಿಸುವೆವು.

ಪ್ರಯಾಣದ ಪೆಟ್ಟಿಗೆಗಳಿಗೆ ಅಂಕಿಗಳ ಚಕ್ರವುಳ್ಳ ಸಣ್ಣ ಬೀಗವಿರುವುದನ್ನು ನೀವು ಕಂಡಿರಬಹುದು. ಮೂರು ಚಕ್ರಗಳು, ಒಂದೊಂದರ ಮೇಲೆಯೂ 0ಯಿಂದ 9ರವರೆಗೆ ಹತ್ತು ಅಂಕಿಗಳು. ಸರಿಯಾದ ಮೂರು ಅಂಕಿಗಳು ಸಾಲಿಗೆ ಬಂದಾಗ ಮಾತ್ರ ಬೀಗ ತೆರೆಯುವುದು. ಗುಟ್ಟನ್ನರಿಯದವನು 000ದಿಂದ 999ರವರೆಗೆ ಒಂದನ್ನೂ ಬಿಡದೆ ನೋಡುತ್ತ ಹೋಗಬೇಕು. ಹತ್ತನ್ನು ಹತ್ತರಿಂದ ಗುಣಿಸಿ, ಮತ್ತೆ ಹತ್ತರಿಂದ ಗುಣಿಸಿದರೆ 1,000. ಒಂದು ಯತ್ನಕ್ಕೆ ಎರಡು ಸೆಕೆಂಡು ಹಿಡಿದರೂ ಸುಮಾರು 33 ನಿಮಿಷಗಳಲ್ಲಿ ಕೆಲಸ ಮುಗಿಯುವುದು. ನಾಲ್ಕನೆಯ ಚಕ್ರವೊಂದನ್ನು ಕೂಡಿಸಿದರೆ ಯತ್ನಗಳು 10,000 ಆಗಿ, ಕಾಲವು ಐದೂವರೆ ಗಂಟೆಯನ್ನು ಮೀರುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಬೀಗ ಮಾಡುವವನು ಕೂಡಿಸಿದ್ದು ಒಂದೇ ಒಂದು ಚಕ್ರವನ್ನು. ಕಳ್ಳನ ಶ್ರಮವಾದರೋ ಹತ್ತು ಪಟ್ಟಾಯಿತು. ಒಡೆಯನ ಶ್ರಮವು ಸಂಕಲನದಿಂದ ಬೆಳೆಯುವುದು, ಕಳ್ಳನ ಶ್ರಮವು ಗುಣಾಕಾರದಿಂದ ಬೆಳೆಯುವುದು. ಜಗತ್ತಿನ ಬೀಗಗಳೆಲ್ಲ ಈ ಒಂದು ವ್ಯತ್ಯಾಸವನ್ನು ನೆಚ್ಚಿಕೊಂಡಿವೆ.

ಇನ್ನು ಬಾಗಿಲಿನ ಬೀಗಕ್ಕೆ ಬರೋಣ. ಫ್ಲಾಟುಗಳ ಬಾಗಿಲಿನಲ್ಲಿ ಕಾಣುವ ದುಂಡನೆಯ ಬೀಗವನ್ನು ಇಂದಿನ ರೂಪಕ್ಕೆ ತಂದವನು ಲೈನಸ್ ಯೇಲ್ ಎಂಬ ಅಮೇರಿಕನು. ಅವನಿಗೆ ಅದರ ಪೇಟೆಂಟು ದೊರೆತದ್ದು 1861ರಲ್ಲಿ. ಮೂಲ ಕಲ್ಪನೆಯಾದರೋ ಬಹು ಪುರಾತನವಾದುದು. ಈಜಿಪ್ಟಿನವರು ಸಾವಿರಾರು ವರ್ಷಗಳ ಹಿಂದೆಯೇ ಮರದಲ್ಲಿ ಇಂತಹ ಬೀಗಗಳನ್ನು ಮಾಡಿದ್ದರು. ಇದರೊಳಗೆ ಒಂದು ಹಿತ್ತಾಳೆಯ ಉರುಳೆಯಿದೆ; ಅದು ತಿರುಗಿದರೆ ಬಾಗಿಲು ತೆರೆಯುವುದು. ತಿರುಗದಂತೆ ಅದನ್ನು ತಡೆದಿರುವುದು ಮೇಲಿನಿಂದ ಇಳಿದಿರುವ ಐದಾರು ಸಣ್ಣ ಕಡ್ಡಿಗಳು. ಇವಕ್ಕೆ ಪಿನ್ನುಗಳೆನ್ನುವರು. ಪ್ರತಿಯೊಂದು ಪಿನ್ನೂ ನಡುವೆ ಎರಡು ತುಂಡಾಗಿದೆ. ತುಂಡಾದ ಎತ್ತರವು ಒಂದೊಂದರಲ್ಲಿ ಒಂದೊಂದು ಬಗೆ. ಬೀಗದ ಕೈಯಲ್ಲಿ ಕಾಣುವ ಗರಗಸದಂತಹ ಹಲ್ಲುಗಳು ಆಯಾ ಪಿನ್ನನ್ನು ತಕ್ಕಷ್ಟೇ ಮೇಲೆತ್ತುತ್ತವೆ. ಎಲ್ಲ ಪಿನ್ನುಗಳ ಬಿರುಕುಗಳೂ ಉರುಳೆಯ ಅಂಚಿಗೆ ಸರಿಯಾಗಿ ಬಂದು ನಿಂತಾಗ ತಡೆಯುವುದೇನೂ ಉಳಿಯುವುದಿಲ್ಲ, ಉರುಳೆ ತಿರುಗುತ್ತದೆ. ಐದು ಪಿನ್ನುಗಳು, ಒಂದೊಂದಕ್ಕೆ ಹತ್ತು ಎತ್ತರಗಳು ಎಂದಿಟ್ಟುಕೊಂಡರೆ ಬೀಗದ ಕೈಗಳಲ್ಲಿ ಒಂದು ಲಕ್ಷ ಬಗೆಗಳಾಗಬಹುದು. ಒಂದು ಲಕ್ಷ ಬೀಗದ ಕೈಗಳನ್ನು ಹೊತ್ತುಕೊಂಡು ಬರುವ ಕಳ್ಳನು ಯಾವನೂ ಇಲ್ಲ.

ಆದರೆ ಆ ಉರುಳೆಯಲ್ಲಿ ಐದು ರಂಧ್ರಗಳನ್ನು ಕೊರೆಯಬೇಕಷ್ಟೆ. ಆ ಐದೂ ಕೂದಲೆಳೆಯಷ್ಟೂ ಆಚೀಚೆಯಾಗದೆ ಒಂದೇ ಗೆರೆಯ ಮೇಲೆ ಕೊರೆಯಬಲ್ಲ ಯಂತ್ರವು ಎಲ್ಲಿಯೂ ಇಲ್ಲ. ಆದುದರಿಂದ ಉರುಳೆಯನ್ನು ಮೆಲ್ಲಗೆ ತಿರುಗಿಸಲು ನೋಡಿದರೆ ಐದು ಪಿನ್ನುಗಳೂ ಒಟ್ಟಿಗೆ ಅದನ್ನು ತಡೆಯುವುದಿಲ್ಲ. ಯಾವುದೋ ಒಂದು ಮಾತ್ರ ಮೊದಲು ಬಿಗಿಯುತ್ತದೆ. ಆ ಒಂದನ್ನು ತಕ್ಕ ಎತ್ತರಕ್ಕೆ ತಂದರೆ ಉರುಳೆಯು ಕಾಣದಷ್ಟು ಸರಿದು ಮತ್ತೊಂದು ಪಿನ್ನಿನ ಮೇಲೆ ಬಿಗಿಯುತ್ತದೆ. ಪಳಗಿದ ಬೆರಳಿಗೆ ಆ ಸಣ್ಣ ಸರಿದಾಟವು ತಿಳಿಯುತ್ತದೆ. ಅಂದರೆ ಬೀಗವು, "ಇದೊಂದು ಸರಿಯಾಯಿತು, ಇನ್ನು ಮುಂದಿನದನ್ನು ನೋಡು" ಎಂದು ಬಾಯಿಬಿಟ್ಟಂತೆಯೇ ಆಯಿತು. ಈಗ ಲೆಕ್ಕ ಹಾಕಿ. ಮೊದಲನೆಯ ಪಿನ್ನಿಗೆ ಹೆಚ್ಚೆಂದರೆ ಹತ್ತು ಯತ್ನ, ಎರಡನೆಯದಕ್ಕೆ ಹತ್ತು, ಹೀಗೆಯೇ ಐದಕ್ಕೂ ಸೇರಿ ಐವತ್ತು. ಒಂದು ಲಕ್ಷವೆಲ್ಲಿ, ಐವತ್ತು ಎಲ್ಲಿ! ಗುಣಾಕಾರದ ಚಿಹ್ನೆ ಅಳಿಸಿಹೋಗಿ ಅದರ ಜಾಗದಲ್ಲಿ ಸಂಕಲನದ ಚಿಹ್ನೆ ಬಂದು ಕುಳಿತಿತು.

ಇದನ್ನು ನಾವು ಎಂಟನೆಯ ಇಯತ್ತೆಯಲ್ಲಿ ಆಟವಾಗಿ ಆಡಿಸಿ ನೋಡಿದೆವು. ಒಂದು ಚೀಟಿಯಲ್ಲಿ ಮೂರಂಕಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಊಹಿಸಿ ಹೇಳಿರೆಂದೆವು. ಮೊದಲ ಸಲ "ಅಲ್ಲ" ಎಂಬ ಒಂದೇ ಉತ್ತರ. ತಾಸು ಮುಗಿಯುವ ಗಂಟೆ ಬಾರಿಸಿದರೂ ಸಂಖ್ಯೆ ಸಿಕ್ಕಲಿಲ್ಲ. ಹಿಂದಿನ ಬೆಂಚಿನವರು ಬೇಸತ್ತು ಕಿಟಕಿಯಾಚೆ ನೋಡತೊಡಗಿದ್ದರು. ಮರುದಿನ ಅಂಕಿಯೊಂದು ಸರಿಯಾದೊಡನೆ "ಇದು ಸರಿ" ಎಂದು ಹೇಳುತ್ತ ಬಂದೆವು. ಎರಡು ನಿಮಿಷವೂ ಬೇಕಾಗಲಿಲ್ಲ. ಸಂಖ್ಯೆಯು ಮೊದಲ ದಿನದ್ದಕ್ಕಿಂತ ಸುಲಭವಾದುದೇನೂ ಅಲ್ಲ. ನಾವು ಕೊಟ್ಟ ಉತ್ತರ ಮಾತ್ರ ಬೇರೆ. ಮುಂದಿನದನ್ನು ಓದುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಬೀಗವೇ ಗುಟ್ಟು ಬಿಟ್ಟುಕೊಟ್ಟ ಪ್ರಸಂಗಗಳಲ್ಲಿ 1851ನೆಯ ಇಸವಿಯ ಲಂಡನ್ನಿನ ಪ್ರಸಂಗಕ್ಕೆ ಸಮನಾದುದು ಇನ್ನೊಂದಿಲ್ಲ. ನಮ್ಮ ಬಾಗಿಲುಗಳಿಗೆ ತೂಗುಹಾಕುವ ಗಟ್ಟಿ ಬೀಗಗಳನ್ನು ಅಂಗಡಿಯವನು "ಏಳು ಲಿವರಿನದು" ಎಂದು ಹೊಗಳಿ ಮಾರುವನಲ್ಲವೆ? ಲಿವರುಗಳೆಂದರೆ ಒಳಗಿರುವ ತೆಳು ಲೋಹದ ಪಟ್ಟಿಗಳು. ಪಿನ್ನುಗಳಂತೆಯೇ ಅವನ್ನು ಕೂಡ ತಕ್ಕ ಎತ್ತರಕ್ಕೆ ಎತ್ತಬೇಕು, ಹೆಚ್ಚೂ ಕೂಡದು, ಕಡಮೆಯೂ ಕೂಡದು. (ಬೀಗಕ್ಕೂ ಈ ನಗರಕ್ಕೂ ಹಳೆಯ ನಂಟು, ಅರ್ದೇಶಿರ್ ಗೋದ್ರೆಜ್ ಅವರು ಬೀಗಗಳ ತಯಾರಿಕೆಗೆ ಕೈಹಾಕಿದ್ದು 1897ರಲ್ಲಿ, ಮುಂಬಯಿಯಲ್ಲಿಯೇ.) ಇಂಗ್ಲೆಂಡಿನ ಜೆರೆಮಾಯಾ ಚಬ್ ಎಂಬವನು 1818ರಲ್ಲಿ ಇಂತಹ ಬೀಗಕ್ಕೆ ಒಂದು ಜಾಣ ಏರ್ಪಾಟನ್ನು ಸೇರಿಸಿದನು. ಕಳ್ಳನು ಒಳಗೆ ಕಡ್ಡಿ ಹಾಕಿ ಕೆದಕುವಾಗ ಲಿವರೊಂದು ಮಿತಿಮೀರಿ ಮೇಲೆದ್ದರೆ ಬೀಗವೇ ಕಚ್ಚಿಕೊಂಡುಬಿಡುವುದು. ಒಡೆಯನು ಬಂದು ತನ್ನ ಬೀಗದ ಕೈಯನ್ನು ಹಾಕಿದಾಗ ಅದು ತಿರುಗದು. ಯಾರೋ ಕೈಯಾಡಿಸಿದ್ದಾರೆಂದು ಅವನಿಗೆ ಗೊತ್ತಾಗುವುದು. ಬೀಗದ ಕೆಲಸವನ್ನು ಬಲ್ಲ ಕೈದಿಯೊಬ್ಬನಿಗೆ, ಇದನ್ನು ತೆರೆದರೆ ಬಿಡುಗಡೆ ಎಂದು ಆಸೆ ತೋರಿಸಿದರೂ, ಅವನು ಎರಡು ಮೂರು ತಿಂಗಳು ಹೆಣಗಿ ಸೋತನೆಂದು ಹೇಳುತ್ತಾರೆ.

ಇಂತಹ ಬೀಗದ ಮುಂದೆ, 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆಂದು ಬಂದಿದ್ದ ಆಲ್ಫ್ರೆಡ್ ಹಾಬ್ಸ್ ಎಂಬ ಅಮೇರಿಕದ ಬೀಗಗಾರನು ಸಾಕ್ಷಿಗಳ ಎದುರಿನಲ್ಲಿ ನಿಂತನು. ಇಪ್ಪತ್ತೈದು ನಿಮಿಷಗಳಲ್ಲಿ ತೆರೆದನು. ತೆರೆದದ್ದು ಹೇಗೆ? ಯಾವ ಲಿವರು ಮಿತಿಮೀರಿತೆಂಬುದನ್ನು ಬೀಗವು ತಾನಾಗಿಯೇ ಕಚ್ಚಿಕೊಂಡು ಅವನಿಗೆ ತಿಳಿಸುತ್ತಿತ್ತು! ಕಳ್ಳನನ್ನು ಹಿಡಿಯಲೆಂದು ಇಟ್ಟ ಸಾಧನವೇ ಅವನಿಗೆ ದಾರಿ ತೋರಿಸುವ ದೀವಟಿಗೆಯಾಯಿತು.

ಅಷ್ಟಕ್ಕೆ ಹಾಬ್ಸನು ಸುಮ್ಮನಿರಲಿಲ್ಲ. ಜೋಸೆಫ್ ಬ್ರಾಮಾ ಎಂಬ ಪ್ರಸಿದ್ಧ ಶಿಲ್ಪಿಯು 1790ರಲ್ಲಿ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನಿಟ್ಟು, ತೆರೆದವರಿಗೆ 200 ಗಿನಿಗಳೆಂದು ಸಾರಿದ್ದನು. ಬ್ರಾಮಾ ತೀರಿಕೊಂಡನು, ಬೀಗವು ಮಾತ್ರ ಅರುವತ್ತೊಂದು ವರ್ಷ ಹಾಗೆಯೇ ಉಳಿಯಿತು. ಹಾಬ್ಸನು ಹದಿನಾರು ದಿನಗಳ ಅವಧಿಯಲ್ಲಿ ಒಟ್ಟು ಐವತ್ತು ಗಂಟೆಗಳಿಗೂ ಮೇಲ್ಪಟ್ಟು ಶ್ರಮಿಸಿ ಅದನ್ನೂ ತೆರೆದನು. ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಭಾರಿ ವಾಗ್ವಾದವೇ ನಡೆಯಿತು. ಬೀಗಗಳ ದೋಷವನ್ನು ಹೀಗೆ ಬಯಲಿಗೆಳೆಯುವುದು ಕಳ್ಳರಿಗೆ ಪಾಠ ಹೇಳಿದಂತಲ್ಲವೆ ಎಂದು ಅನೇಕರು ಸಿಟ್ಟಾದರು. ಕಳ್ಳರಿಗೆ ಇದು ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಬೀಗವನ್ನು ಕೊಂಡ ಸಾಧುವಿಗೆ ಮಾತ್ರ ಎಂಬುದು ಹಾಬ್ಸನ ವಾದ.

ಈ ಪ್ರಶ್ನೆ ನಮಗೂ ಸಂಬಂಧಪಟ್ಟುದೇ. ಏಕೆಂದರೆ ವಿದ್ಯಾರ್ಥಿಗಳು ಓದುವ ಪತ್ರಿಕೆಯಲ್ಲಿ ಇವನ್ನೆಲ್ಲ ಬರೆಯಬಹುದೇ ಎಂದು ಯಾರಾದರೂ ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಹಾಬ್ಸನದೇ ಸರಿ. 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸನು ಗುಪ್ತಲಿಪಿಗಳ ವಿಷಯದಲ್ಲಿ ಇದನ್ನೇ ನಿಯಮವಾಗಿ ಹೇಳಿದನು: ಯಂತ್ರದ ರಚನೆಯೆಲ್ಲ ಶತ್ರುವಿನ ಕೈಗೆ ಸಿಕ್ಕಿದರೂ, ಬೀಗದ ಕೈ ಒಂದು ಮಾತ್ರ ಸಿಕ್ಕದಿದ್ದರೆ, ಗುಟ್ಟು ಉಳಿಯುವಂತಿರಬೇಕು. ಈ ಕೆರ್ಕ್‌ಹಾಫ್ಸನು ವೃತ್ತಿಯಿಂದ ಸೈನಿಕನೂ ಅಲ್ಲ, ಯಂತ್ರಶಿಲ್ಪಿಯೂ ಅಲ್ಲ, ಭಾಷೆಗಳನ್ನು ಕಲಿಸುವ ಅಧ್ಯಾಪಕನಾಗಿದ್ದನೆಂಬುದನ್ನು ಹೇಳಲು ನಮಗೆ ಸ್ವಲ್ಪ ಹೆಮ್ಮೆಯೆನಿಸುತ್ತದೆ. ಇರಲಿ. ತೆರೆಯುವ ಅನುಮತಿಯಿಲ್ಲದ ಬೀಗವನ್ನು ಮುಟ್ಟುವುದು, ಅದು ಹಿತ್ತಾಳೆಯದಾಗಲಿ ಅಂಕಿಗಳದಾಗಲಿ, ಅಪರಾಧವೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಚೇರಿಗಳ ಬೀಗಗಳಲ್ಲಿ ಇನ್ನೊಂದು ವಿಶೇಷವಿದೆ. ದೊಡ್ಡ ಕಚೇರಿಗಳಲ್ಲಿಯೂ ವಸತಿಗೃಹಗಳಲ್ಲಿಯೂ ಒಂದೊಂದು ಕೊಠಡಿಗೆ ಒಂದೊಂದು ಬೀಗದ ಕೈ ಇರುವುದಲ್ಲದೆ, ಎಲ್ಲ ಕೊಠಡಿಗಳಿಗೂ ಸಲ್ಲುವ ಒಂದು ಮಾಸ್ಟರ್ ಕೀ ಮೇಲ್ವಿಚಾರಕನ ಬಳಿ ಇರುತ್ತದೆ. ಇದಕ್ಕಾಗಿ ಪ್ರತಿಯೊಂದು ಪಿನ್ನನ್ನೂ ಒಂದರ ಬದಲು ಎರಡು ಕಡೆ ತುಂಡರಿಸಿರುತ್ತಾರೆ. ಒಂದು ಬಿರುಕು ಕೊಠಡಿಯವನ ಬೀಗದ ಕೈಗೆ, ಇನ್ನೊಂದು ಮಾಸ್ಟರಿಗೆ. ಆದರೆ ಪಿನ್ನಿಗೆ ಎರಡೆರಡು ಎತ್ತರಗಳು ಸಲ್ಲುವುದಾದರೆ, ಐದು ಪಿನ್ನುಗಳ ಬೀಗಕ್ಕೆ ಎರಡಲ್ಲ, ಎರಡನ್ನು ಐದು ಸಲ ಗುಣಿಸಿದಷ್ಟು, ಎಂದರೆ 32 ಬೀಗದ ಕೈಗಳು ಸಲ್ಲುತ್ತವೆ! ಒಂದು ಲಕ್ಷದಲ್ಲಿ ಒಂದು ಎಂದು ಕೊಂಡ ಬೀಗವು, 3,125ರಲ್ಲಿ ಒಂದು ಎಂದಾಯಿತು. ಇಲ್ಲಿ ಗುಣಾಕಾರವು ಕಳ್ಳನ ಕಡೆಗೇ ಸೇರಿಕೊಂಡಿತು.

ಇದಕ್ಕಿಂತ ದೊಡ್ಡ ದೋಷವನ್ನು 2003ರಲ್ಲಿ ಮ್ಯಾಟ್ ಬ್ಲೇಜ್ ಎಂಬ ಅಮೇರಿಕದ ಕಂಪ್ಯೂಟರ್ ವಿಜ್ಞಾನಿ ಪ್ರಕಟಿಸಿದರು. ತನ್ನ ಕೊಠಡಿಯ ಬೀಗವನ್ನೂ ಬೀಗದ ಕೈಯನ್ನೂ ಮಾತ್ರ ಹೊಂದಿರುವ ಸಾಮಾನ್ಯ ನೌಕರನು, ನಾಲ್ಕು ಹಲ್ಲುಗಳನ್ನು ಇದ್ದಂತೆಯೇ ಇಟ್ಟು ಐದನೆಯ ಒಂದನ್ನು ಮಾತ್ರ ಬದಲಿಸುತ್ತ ಹೋದರೆ, ಆ ಒಂದು ಪಿನ್ನಿನಲ್ಲಿ ಮಾಸ್ಟರಿನ ಎತ್ತರವಾವುದೆಂಬುದು ಬೀಗದಿಂದಲೇ ತಿಳಿಯುವುದು. ಒಂದೊಂದು ಪಿನ್ನಿಗೆ ಹೆಚ್ಚೆಂದರೆ ಒಂಬತ್ತು ಯತ್ನ. ಐದು ಪಿನ್ನಿಗೆ ನಲವತ್ತೈದು. ಬಳಿಕ ಇಡೀ ಕಟ್ಟಡವೇ ಅವನದು. ಬ್ಲೇಜರು ಕಂಪ್ಯೂಟರುಗಳ ಗುಪ್ತಲಿಪಿಯನ್ನು ಅಭ್ಯಾಸ ಮಾಡುವವರು. ಆ ಶಾಸ್ತ್ರದ ಕಣ್ಣಿನಿಂದ ಬಾಗಿಲಿನ ಬೀಗವನ್ನು ನೋಡಿದ್ದರಿಂದ ಇದು ಹೊಳೆಯಿತು. ಇದು ನಮಗೆ ಮೊದಲೇ ಗೊತ್ತಿತ್ತು, ಹೊರಗೆ ಹೇಳಬಾರದಾಗಿತ್ತು ಎಂದು ಬೀಗಗಾರರಲ್ಲಿ ಅನೇಕರು ಅಸಮಾಧಾನಗೊಂಡರು. 1851ರ ಜಗಳವೇ ಮತ್ತೊಮ್ಮೆ!

ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಎಂಬ ಗುಪ್ತಪದವೇ ಬೀಗದ ಕೈ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಲ್ಲಿ ಎಂಟನ್ನು ಸಾಲಾಗಿಟ್ಟರೆ ಆಗುವ ಪದಗಳು 20,882 ಕೋಟಿಗೂ ಮಿಕ್ಕುವುವು. ಇಷ್ಟು ಗುಣಾಕಾರವಿದ್ದ ಮೇಲೆ ಭಯವೆಲ್ಲಿ ಎನ್ನಬಹುದು. ಆದರೆ 1970ರ ದಶಕದಲ್ಲಿ ಅಮೇರಿಕದಲ್ಲಿ ಬಳಕೆಯಲ್ಲಿದ್ದ ಟೆನೆಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯು ಪಾಸ್‌ವರ್ಡನ್ನು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರವಾಗಿ ಪರೀಕ್ಷಿಸಿ, ತಪ್ಪಿದ ಕಡೆಯಲ್ಲಿ ಅಲ್ಲಿಗೇ ನಿಲ್ಲಿಸುತ್ತಿತ್ತು. ತನ್ನ ಪದವು ಅರ್ಧ ಒಂದು ಪುಟದಲ್ಲಿ, ಅರ್ಧ ಮುಂದಿನ ಪುಟದಲ್ಲಿ ಬರುವಂತೆ ಕಂಪ್ಯೂಟರಿನ ಸ್ಮೃತಿಯಲ್ಲಿ ಇಟ್ಟವನಿಗೆ, ಯಂತ್ರವು ಮುಂದಿನ ಪುಟವನ್ನು ತೆರೆಯಿತೋ ಇಲ್ಲವೋ ಎಂಬುದರಿಂದಲೇ ಹಿಂದಿನ ಅಕ್ಷರ ಸರಿಯೋ ತಪ್ಪೋ ತಿಳಿದುಬಿಡುತ್ತಿತ್ತು. ಒಂದು ಅಕ್ಷರಕ್ಕೆ 26 ಯತ್ನದಂತೆ ಎಂಟು ಅಕ್ಷರಗಳಿಗೆ 208. ಯಂತ್ರವು ಬಾಯಿಬಿಟ್ಟು ಹೇಳಲಿಲ್ಲ. ಪುಟ ಮಗುಚುವ ಸದ್ದಿನಿಂದ ತಿಳಿದಂತಾಯಿತು, ಅಷ್ಟೆ.

ಇದು ಹಳೆಯ ಮಾತು, ಈಗ ಹಾಗಿಲ್ಲ ಎನ್ನುವಿರಾ? ವೈ-ಫೈ ಪೆಟ್ಟಿಗೆಯ ಕಥೆಯನ್ನು ಕೇಳಿ. ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಎರಡು ಕೊಂಬುಗಳನ್ನೆತ್ತಿಕೊಂಡು ಗೋಡೆಯ ಮೇಲೆ ಕುಳಿತಿರುವ ಆ ಪೆಟ್ಟಿಗೆಗೆ ರೂಟರ್ ಎಂದು ಹೆಸರು. ಅದರ ಪಾಸ್‌ವರ್ಡು ಉದ್ದವಾಗಿದ್ದಷ್ಟೂ ಒಳ್ಳೆಯದು. ಆದರೆ ಉದ್ದವಾದುದನ್ನು ಟೈಪು ಮಾಡುವುದು ಜನಕ್ಕೆ ಬೇಸರ. ಆದುದರಿಂದ ತಯಾರಕರು ಡಬ್ಲ್ಯುಪಿಎಸ್ ಎಂಬ ಅಡ್ಡದಾರಿಯೊಂದನ್ನು ಕಲ್ಪಿಸಿ, ಎಂಟು ಅಂಕಿಗಳ ಸಂಖ್ಯೆಯೊಂದನ್ನು ಹೇಳಿದರೂ ಬಾಗಿಲು ತೆರೆಯುವಂತೆ ಮಾಡಿದರು. ಎಂಟು ಅಂಕಿಗಳೆಂದರೆ ಹತ್ತು ಕೋಟಿ. ಅದರಲ್ಲಿ ಕೊನೆಯ ಅಂಕಿಯು ಉಳಿದ ಏಳರಿಂದ ಲೆಕ್ಕ ಹಾಕಿ ಬರುವಂತಹುದಾದುದರಿಂದ ನಿಜವಾಗಿ ಒಂದು ಕೋಟಿ. ಯತ್ನವೊಂದಕ್ಕೆ ಎರಡು ಸೆಕೆಂಡಿನಂತೆ ಹಗಲಿರುಳು ಕುಳಿತರೂ 231 ದಿನಗಳು ಬೇಕು. ಪರವಾಯಿಲ್ಲ ಎನ್ನಬಹುದಾಗಿತ್ತು. ಆದರೆ ಆ ಪೆಟ್ಟಿಗೆಯು ಸಂಖ್ಯೆಯನ್ನು ಎರಡು ಪಾಲು ಮಾಡಿ, ಮೊದಲ ನಾಲ್ಕು ತಪ್ಪಿದ್ದರೆ ಅಲ್ಲಿಯೇ ತಪ್ಪೆಂದು ಹೇಳಿಬಿಡುತ್ತಿತ್ತು! ಮೊದಲ ಪಾಲಿಗೆ 10,000 ಯತ್ನಗಳು, ಎರಡನೆಯ ಪಾಲಿನ ಮೂರು ಅಂಕಿಗಳಿಗೆ 1,000. ಗುಣಿಸುವ ಬದಲು ಕೂಡಿಸಿ, 11,000. ಅದೇ ಎರಡು ಸೆಕೆಂಡಿನ ಲೆಕ್ಕದಲ್ಲಿ ಆರು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು. ಸ್ಟೆಫಾನ್ ಫೀಬಕ್ ಎಂಬ ಸಂಶೋಧಕನು 2011ರ ಡಿಸೆಂಬರಿನಲ್ಲಿ ಇದನ್ನು ಪ್ರಕಟಪಡಿಸಿದನು.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಕಥೆ ನಿಮಗೆ ಗೊತ್ತೇ ಇದೆ. ಗೋಡೆಗಳನ್ನು ಒಡೆಯಲಾರದೆ ಹೈದರಾಲಿಯ ಸೈನಿಕರು ನುಗ್ಗಲು ನೋಡಿದ್ದು ಬಂಡೆಗಳ ನಡುವಿನ ಒಂದು ಕಿಂಡಿಯಿಂದ. ಡಬ್ಲ್ಯುಪಿಎಸ್ ಕೂಡ ಅಂತಹುದೇ ಕಿಂಡಿ. ಆದರೆ ಅಲ್ಲಿ ಒಳಗೆ ಒನಕೆ ಹಿಡಿದ ಓಬವ್ವ ನಿಂತಿದ್ದಳು. ತಲೆ ಹಾಕಿದವನಿಗೆ ಎರಡನೆಯ ಅವಕಾಶವಿರಲಿಲ್ಲ. ಆ ಕಾಲದ ಅನೇಕ ರೂಟರುಗಳಲ್ಲಿ, ನೂರು ಸಲ ತಪ್ಪು ಹೇಳಿದವನನ್ನು ತಡೆದು ನಿಲ್ಲಿಸುವ ಏರ್ಪಾಟೇ ಇರಲಿಲ್ಲ. ಬ್ಯಾಂಕಿನ ಹಣ ಕೊಡುವ ಯಂತ್ರವನ್ನು ನೋಡಿ. ಅಲ್ಲಿ ಇರುವುದು ಬರಿಯ ನಾಲ್ಕು ಅಂಕಿಗಳು. ಆದರೂ ಅದು ಸಾಕಾಗುತ್ತದೆ. ಏಕೆಂದರೆ ಕೆಲವೇ ಸಲ ತಪ್ಪಿದೊಡನೆ ಕಾರ್ಡು ಕೆಲಸ ಮಾಡದಂತಾಗುತ್ತದೆ.

ಗುಣಾಕಾರವನ್ನು ಯಂತ್ರವೇ ಕೆಡಿಸಬೇಕೆಂದೇನೂ ಇಲ್ಲ, ನಾವಾಗಿಯೂ ಕೆಡಿಸಬಹುದು. ನಾಲ್ಕು ಅಂಕಿಗಳಿಗೆ ಹುಟ್ಟಿದ ದಿನ ಮತ್ತು ತಿಂಗಳನ್ನು ಇಟ್ಟುಕೊಂಡವನ ಬೀಗವು ಹತ್ತು ಸಾವಿರದ್ದಲ್ಲ, 366ರದ್ದು. ಅವನ ಹುಟ್ಟುಹಬ್ಬಕ್ಕೆ ಹೋಗಿ ಬಂದವರಿಗೆ ಅದು ಒಂದರದ್ದೇ. ಕಾರಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಹಾಗೆಯೇ ಬಿಡುವುದಂತೂ ಸರ್ವೇಸಾಮಾನ್ಯ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಅರುವತ್ತರ ಆಸುಪಾಸಿನ ಇಂತಹ ಸಿದ್ಧ ಪಾಸ್‌ವರ್ಡುಗಳ ಪಟ್ಟಿಯೊಂದನ್ನೇ ಹಿಡಿದುಕೊಂಡು ಜಗತ್ತಿನ ಲಕ್ಷಾಂತರ ಕಾವಲು ಕ್ಯಾಮರಾಗಳೇ ಮೊದಲಾದ ಯಂತ್ರಗಳೊಳಗೆ ಹೊಕ್ಕಿತು. ಅದೇ ವರ್ಷದ ಅಕ್ಟೋಬರ್ 21ರಂದು ಆ ಯಂತ್ರಗಳು ಒಂದೇ ಕಡೆಗೆ ದಂಡೆತ್ತಿ ಹೋದುದರಿಂದ ಅಮೇರಿಕದಲ್ಲಿ ದೊಡ್ಡ ದೊಡ್ಡ ಅಂತರಜಾಲ ತಾಣಗಳು ಗಂಟೆಗಟ್ಟಲೆ ಸಿಕ್ಕದಂತಾದವು. ಕಾವಲಿಗೆಂದು ಕೊಂಡ ಕ್ಯಾಮರಾ ಕಳ್ಳರ ಕಾಲಾಳು ಆದದ್ದು ವಿಚಿತ್ರವಲ್ಲವೆ?

ಪ್ರಶ್ನೆ ಕೇಳುವವನನ್ನು ಬಿಟ್ಟು ಉತ್ತರ ಕೊಡುವವನ ಜಾಗದಲ್ಲಿಯೇ ಕಳ್ಳನು ಕುಳಿತರೆ? ನಮ್ಮ ನೆರೆಯ ಪುಣೆಯಲ್ಲಿ 2018ರ ಆಗಸ್ಟಿನಲ್ಲಿ ನಡೆದುದು ಇದೇ. ಹಣದ ಯಂತ್ರವು ಕಾರ್ಡನ್ನು ಕಂಡೊಡನೆ, "ಕೊಡಬಹುದೇ?" ಎಂದು ಬ್ಯಾಂಕಿನ ಕಂಪ್ಯೂಟರನ್ನು ಕೇಳುತ್ತದೆ. ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಜಾಲದೊಳಗೆ ನುಸುಳಿದವರು ಆ ಪ್ರಶ್ನೆಯು ಬ್ಯಾಂಕಿಗೆ ಮುಟ್ಟದಂತೆ ಮಾಡಿ, ನಡುವೆ ತಮ್ಮದೇ ಉತ್ತರವನ್ನಿರಿಸಿದರು. ನಕಲಿ ಕಾರ್ಡುಗಳಿಗೆಲ್ಲ "ಕೊಡಬಹುದು" ಎಂಬ ಉತ್ತರ ಹೋಯಿತು. ದೇಶವಿದೇಶಗಳ ಯಂತ್ರಗಳಿಂದ ಕೆಲವೇ ಗಂಟೆಗಳಲ್ಲಿ ಹಣ ಹೊರಬಿದ್ದಿತು. ಮರುದಿನವೊಂದನ್ನು ಬಿಟ್ಟು ಮತ್ತಷ್ಟು ಹಣ ಬೇರೆ ದಾರಿಯಿಂದ ಹೋಯಿತು. ಒಟ್ಟು 94 ಕೋಟಿ ರೂಪಾಯಿ. ಇಲ್ಲಿ ಯಾರ ಪಿನ್ನಿನಲ್ಲಿ ಎಷ್ಟು ಅಂಕಿಗಳಿದ್ದವೆಂಬ ಪ್ರಶ್ನೆಯೇ ಏಳಲಿಲ್ಲ.

ಈಗ ಎಲ್ಲಕ್ಕಿಂತ ಸಣ್ಣ ಲೆಕ್ಕಕ್ಕೆ ಬರುತ್ತೇವೆ. ಹಣದ ವ್ಯವಹಾರ ಮಾಡುವಾಗ ಫೋನಿಗೆ ಆರು ಅಂಕಿಗಳ ಒಟಿಪಿ ಬರುತ್ತದೆ. ಆರು ಅಂಕಿಗಳೆಂದರೆ ಹತ್ತು ಲಕ್ಷ ಸಾಧ್ಯತೆಗಳು. ಕೆಲವು ನಿಮಿಷಗಳಲ್ಲಿ ಅದರ ಆಯುಸ್ಸು ಮುಗಿಯುವುದು. ಕೆಲವು ಸಲ ತಪ್ಪಿದರೆ ಬಾಗಿಲು ಮುಚ್ಚುವುದು. ಇದರಲ್ಲಿ ಸಂಕಲನದ ದೋಷವಿಲ್ಲ, ಕಿಂಡಿಯಿಲ್ಲ. ಬಹಳ ಒಳ್ಳೆಯ ಬೀಗ. ಆದುದರಿಂದಲೇ ಕಳ್ಳನು ಅದನ್ನು ಊಹಿಸಲು ಹೋಗುವುದಿಲ್ಲ. ನೇರವಾಗಿ ಒಡೆಯನನ್ನೇ ಕೇಳುತ್ತಾನೆ. ಹತ್ತು ಲಕ್ಷವು ಒಂದಾಗುತ್ತದೆ.

ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯವರಿಗೆ ಹೀಗಾಯಿತು. ಅವರು ಒಂದು ಉಪಾಹಾರಗೃಹದಲ್ಲಿ ಅಡಿಗೆಯ ಕೆಲಸದಲ್ಲಿರುವವರು. ಕನ್ನಡವನ್ನು ಚೆನ್ನಾಗಿ ಓದಬಲ್ಲರು, ಹಿಂದಿಯನ್ನು ಆಡಬಲ್ಲರು, ಇಂಗ್ಲಿಷನ್ನು ಓದಲಾರರು. ಮಧ್ಯಾಹ್ನದ ಗಿರಾಕಿಗಳ ಗದ್ದಲದಲ್ಲಿ ಬ್ಯಾಂಕಿನಿಂದೆಂದು ಹೇಳಿಕೊಂಡು ಒಬ್ಬನು ಹಿಂದಿಯಲ್ಲಿ ಫೋನು ಮಾಡಿ, ಇಂದು ಸಂಜೆಯೊಳಗೆ ಕಾರ್ಡು ರದ್ದಾಗುವುದೆಂದೂ, ಈಗ ಬಂದಿರುವ ಸಂದೇಶದಲ್ಲಿನ ಸಂಖ್ಯೆಯನ್ನು ಓದಿ ಹೇಳಿದರೆ ಉಳಿಯುವುದೆಂದೂ ಅವಸರಪಡಿಸಿದನು. ಇವರು ಓದಿ ಹೇಳಿದರು. ಊರಿನ ಮನೆಯ ಹೆಂಚು ಹೊದಿಸಲೆಂದು ಮಳೆಗಾಲಕ್ಕೆ ಮುಂಚೆ ಕೂಡಿಟ್ಟಿದ್ದ ಹದಿನೆಂಟು ಸಾವಿರ ರೂಪಾಯಿಗಳು ಹೋದವು. ಮರುದಿನ ಅವರು ಶಾಲೆಗೆ ಬಂದು ಆ ಸಂದೇಶವನ್ನು ನಮಗೆ ತೋರಿಸಿದರು. ಸಂಖ್ಯೆಯ ಪಕ್ಕದಲ್ಲಿಯೇ, ಇದನ್ನು ಯಾರಿಗೂ ಹೇಳಬೇಡಿರೆಂದು ಸ್ಪಷ್ಟವಾಗಿ ಬರೆದಿತ್ತು. ಬರೆದದ್ದು ಇಂಗ್ಲಿಷಿನಲ್ಲಿ. ಆ ಸಾಲಿನಲ್ಲಿ ಅವರು ಓದಬಲ್ಲವಾಗಿದ್ದುದು ಆರು ಅಂಕಿಗಳನ್ನು ಮಾತ್ರ!

ಅವರನ್ನು ದಡ್ಡರೆನ್ನಲು ನಮ್ಮ ನಾಲಗೆ ಏಳದು. ಎಚ್ಚರಿಕೆಯನ್ನು ಬರೆದವರು, ಅದನ್ನು ಓದಬೇಕಾದವರು ಯಾರೆಂದು ಒಂದು ಕ್ಷಣ ಯೋಚಿಸಬೇಕಾಗಿತ್ತು. ಬಾಗಿಲ ಮೇಲೆ ಅಪಾಯದ ಫಲಕವನ್ನು ಒಳಗಿರುವವರಿಗೆ ತಿಳಿಯದ ಭಾಷೆಯಲ್ಲಿ ತೂಗುಹಾಕಿದರೆ ಅದೂ ಬೀಗದ ದೋಷವೇ. ಬೀಗದ ಶಾಸ್ತ್ರವನ್ನು ಬರೆಯುವವರು ಅದನ್ನು ಕೂಡ ಲೆಕ್ಕಕ್ಕೆ ಹಿಡಿಯಬೇಕೆಂದು ನಮ್ಮ ಮತ.

ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಆ ಸಾಲನ್ನು ಓದಬಲ್ಲವರು ನೀವು ಮಾತ್ರ ಇರಬಹುದು. ನೀವು ಶಾಲೆಯಲ್ಲಿರುವ ಹೊತ್ತಿಗೆ ಫೋನು ಬರುವುದು. ಆದುದರಿಂದ ಇಂದು ರಾತ್ರಿ ಊಟವಾದ ಮೇಲೆ ತಂದೆತಾಯಿಗಳ ಫೋನಿನಲ್ಲಿರುವ ಬ್ಯಾಂಕಿನ ಹಳೆಯ ಸಂದೇಶವೊಂದನ್ನು ಅವರ ಎದುರಿಗೆ ಕನ್ನಡಿಸಿ ಓದಿರಿ. ಹಣವನ್ನು ಪಡೆಯಲು ಯುಪಿಐ ಪಿನ್ನನ್ನು ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಒತ್ತಬೇಕು ಎಂಬುದನ್ನು ಹೇಳಿರಿ. ಬಹುಮಾನ ಬಂದಿದೆ, ಪಿನ್ನು ಒತ್ತಿರಿ ಎನ್ನುವವನು ಏನು ಮಾಡುತ್ತಿರುವನೆಂಬುದು ಆಗ ಅವರಿಗೇ ತಿಳಿಯುವುದು. ಹಣ ಹೋದರೆ ತಡಮಾಡದೆ 1930 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಕಳ್ಳನ ಕೈಸೇರುವ ಮುನ್ನ ಹಣವನ್ನು ತಡೆಯುವ ಸಂಭವ ಅಷ್ಟು ಹೆಚ್ಚು. ಆ ನಾಲ್ಕು ಅಂಕಿಗಳನ್ನು ಫೋನಿನ ಹಿಂಬದಿಯಲ್ಲಿ ಚೀಟಿ ಅಂಟಿಸಿ ಬರೆದಿಟ್ಟರೂ ಹಾನಿಯಿಲ್ಲ. ಇದೊಂದು ಎಲ್ಲರಿಗೂ ತಿಳಿಯಬೇಕಾದ ಸಂಖ್ಯೆ.

ಆಸಕ್ತಿಯುಳ್ಳವರಿಗೆ ಎರಡು ಲೆಕ್ಕಗಳನ್ನು ಕೊಟ್ಟಿರುವೆವು. ನಾಲ್ಕು ಚಕ್ರಗಳ ಪೆಟ್ಟಿಗೆಯ ಬೀಗವೊಂದು ಅಗ್ಗದ ಕೆಲಸದಿಂದಾಗಿ, ಮೊದಲ ಎರಡು ಚಕ್ರಗಳು ಸರಿಯಾದೊಡನೆ ಟಿಕ್ ಎಂದು ಸದ್ದು ಮಾಡುವುದು. ಉಳಿದೆರಡು ಸರಿಯಾದಾಗ ತೆರೆಯುವುದು. ಹೆಚ್ಚೆಂದರೆ ಎಷ್ಟು ಯತ್ನಗಳು ಬೇಕು? ಎರಡನೆಯದು: ನಾಲ್ಕು ಅಂಕಿಗಳ ಪಿನ್ನನ್ನು ಮೂರು ಸಲ ಮಾತ್ರ ಊಹಿಸಲು ಅವಕಾಶವಿದ್ದರೆ, ಸಿಕ್ಕಿದ ಕಾರ್ಡಿನಿಂದ ಹಣ ತೆಗೆಯಲು ಕಳ್ಳನಿಗಿರುವ ಸಂಭವವೆಷ್ಟು? ಅದೇ ಕಾರ್ಡಿನ ಒಡೆಯನು ತನ್ನ ಜನ್ಮದಿನವನ್ನು ಪಿನ್ನಾಗಿ ಇಟ್ಟುಕೊಂಡಿರುವನೆಂದು ಕಳ್ಳನು ಬಲ್ಲನಾದರೆ, ಆದರೆ ಆ ದಿನ ಯಾವುದೆಂದು ಅರಿಯನಾದರೆ, ಆ ಸಂಭವವು ಎಷ್ಟು ಪಟ್ಟು ಹೆಚ್ಚುವುದು? ಉತ್ತರಗಳನ್ನು ಲೆಕ್ಕದ ವಹಿಯಲ್ಲಿ ಬಿಡಿಸಿ ತಂದವರು ಮಧ್ಯಾಹ್ನದ ಬಿಡುವಿನಲ್ಲಿ ಅಧ್ಯಾಪಕರ ಕೊಠಡಿಗೆ ಬರಬಹುದು.